ಅನುವಾದದ ಪ್ರಶ್ನಾವಳಿ: ಹೆಂಗಸರ ಅಂಕ, ಗಂಡಸರ ಅಂಕ ಪಕ್ಕಪಕ್ಕ ಇಡಬಹುದಾ?

ಹಾಳೆಗಂಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಮೂರನೇ ವರ್ಷ. ವ್ಯಕ್ತಿತ್ವ ಅಳೆಯುವ 50 ವಾಕ್ಯಗಳ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದಿದ್ದೇನೆ. ಲೂಯಿಸ್ ಗೋಲ್ಡ್‌ಬರ್ಗ್ ಶುರು ಮಾಡಿದ ಐಪಿಐಪಿ ಅನ್ನೋ ವ್ಯಕ್ತಿತ್ವದ ವಾಕ್ಯಗಳ ಸಂಗ್ರಹದ್ದು. ಅದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಅದು ಎಲ್ಲರಿಗೂ ಮುಕ್ತ. ಅನುವಾದಕ್ಕೆ ಯಾರ ಅನುಮತಿಯೂ ಬೇಡ, ದುಡ್ಡೂ ಬೇಡ. ಐದು ಗುಣ, ಒಂದೊಂದಕ್ಕೆ ಹತ್ತು ವಾಕ್ಯ. ಜನರ ಜೊತೆ ಬೆರೆಯೋದು, ಬೇರೆಯವರ ಬಗ್ಗೆ ಕಾಳಜಿ, ಶಿಸ್ತು, ಭಾವನೆಗಳ ಸ್ಥಿರತೆ, ಕಲ್ಪನೆ. ಪ್ರತಿ ವಾಕ್ಯಕ್ಕೂ 1ರಿಂದ 5ರವರೆಗೆ ಒಂದು ಚೌಕ ಗುರುತು ಮಾಡಬೇಕು.

ಕ್ರಮ ಎಲ್ಲ ಪುಸ್ತಕದಲ್ಲಿದ್ದ ಹಾಗೇ ಮಾಡಿದೆ. ನಾನು ಕನ್ನಡ ಮಾಡಿದೆ. ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಿದರು. ಎರಡೂ ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಬ್ರಿಸ್ಲಿನ್ 1970ರಲ್ಲಿ ಹೇಳಿಕೊಟ್ಟ ದಾರಿ ಇದು. ಮೂರು ವಾಕ್ಯ ಬಿಟ್ಟು ಎಲ್ಲ ಹೊಂದಿತು. ಆ ಮೂರನ್ನು ತಿದ್ದಿ, ಪ್ರಿಂಟ್ ಹಾಕಿಸಿ ಹಂಚಿದೆ. 430 ಹಾಳೆ ತುಂಬಿ ಬಂದವು. ಹೆಂಗಸರು 251, ಗಂಡಸರು 179.

ಒಂದು ಗುಣದ ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ಹೋಗುತ್ತವೆ ಅಂತ ಹೇಳುವ ಅಂಕಿ ಆಲ್ಫಾ, 1ಕ್ಕೆ ಹತ್ತಿರ ಇದ್ದಷ್ಟೂ ಹೊಂದಿಕೆ ಜಾಸ್ತಿ. ಭಾವನೆಗಳ ಸ್ಥಿರತೆಗೆ ಅದು 0.84 ಬಂತು. ಕಾಳಜಿಗೆ ಬರೀ 0.57. ಉಳಿದವು ನಡುವೆ ಎಲ್ಲೋ ಇವೆ. ಸ್ಥಿರತೆಯಲ್ಲಿ ಹೆಂಗಸರ ಸರಾಸರಿ ಗಂಡಸರದ್ದಕ್ಕಿಂತ ಕಡಿಮೆ. ನಮ್ಮ ಗೈಡ್ ನೋಡಿ, "ಚೆನ್ನಾಗಿದೆ. ಟಿ-ಟೆಸ್ಟ್ ಹಾಕಿ, ವ್ಯತ್ಯಾಸ ಇದೆ ಅಂತ ಬರೀರಿ. ಆಮೇಲೆ ಇಂಗ್ಲಿಷ್ ಡೇಟಾ ಇಳಿಸಿಕೊಂಡು ಹೋಲಿಸಿ, ಇನ್ನೊಂದು ಅಧ್ಯಾಯ ಆಗುತ್ತೆ" ಅಂದರು. ಟಿ-ಟೆಸ್ಟ್ ಅಂದರೆ ಎರಡು ಗುಂಪಿನ ಸರಾಸರಿ ಹೋಲಿಸುವ ಲೆಕ್ಕ. ಅವರು ಹೇಳಿದ ಹಾಗೆ ಮಾಡಿದರೆ ಈ ತಿಂಗಳೇ ಮುಗಿಯುತ್ತೆ.

ಆದರೆ ನನಗೆ ಒಂದು ಹೆಂಗಸು ಮನಸ್ಸಿನಿಂದ ಹೋಗುತ್ತಿಲ್ಲ. ಹಾಳೆ ಹಂಚಿದ ಮೊದಲ ವಾರ ನನ್ನ ಎದುರೇ ಕೂತು ತುಂಬಿಸುತ್ತಿದ್ದರು. ನಮ್ಮ ವಾಕ್ಯಗಳಲ್ಲಿ 'ಸ್ವಭಾವದವನು/ಳು', 'ಮಾತುಗಾರ/ಗಾರ್ತಿ' ಅಂತ ಅಲ್ಲಲ್ಲಿ ಇದೆ. ಅವರು ಉತ್ತರ ಕೊಡುವ ಮೊದಲು ಗಂಡಸಿನ ರೂಪವನ್ನು ಪೆನ್ನಿನಿಂದ ಹೊಡೆದು ಹಾಕುತ್ತಿದ್ದರು. ಬಂದಲ್ಲೆಲ್ಲ. ನೀಟಾಗಿ, ಒಂದೇ ಗೀಟು. 31ನೇ ವಾಕ್ಯದ ಹೊತ್ತಿಗೆ ಗೀಟು ಹಾಕೋದು ನಿಲ್ಲಿಸಿದರು. ಅಲ್ಲಿಂದ ಮುಂದೆ ಉತ್ತರಗಳೂ ಹೆಚ್ಚುಕಡಿಮೆ ನಡುವಿನ ಚೌಕದಲ್ಲೇ. 3, 3, 3.

ಇನ್ನೊಬ್ಬರು, ಗಂಡಸು, 'ನಾನಿದ್ದರೆ ಪಾರ್ಟಿಗೆ ಕಳೆ' ಅನ್ನೋ ವಾಕ್ಯದ ಹತ್ತಿರ ಬೆರಳಿಟ್ಟು "ಯಾವ ಪಾರ್ಟಿ ಮೇಡಂ? ನಾನು ರಾಜಕೀಯದಲ್ಲಿಲ್ಲ" ಅಂದರು. ಆಗ ನಕ್ಕುಬಿಟ್ಟೆ. ಈಗ ನಗು ಬರುತ್ತಿಲ್ಲ.

ಆ 0.57 ಯಾಕೆ ಬಂತು? ಇದೇ ಹಾಳೆ ಇಟ್ಟುಕೊಂಡು ಹೆಂಗಸರು ಹೀಗೆ, ಗಂಡಸರು ಹಾಗೆ ಅನ್ನಬಹುದಾ? ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವರ ಪಕ್ಕ ಇವರನ್ನು ನಿಲ್ಲಿಸಬಹುದಾ? ಅನುಭವ ಇರುವವರು ಹೇಳಿ.

---

ತಕ್ಕಡಿ ಬರೆದದ್ದು:

ಮೇಡಂ, ಮೊದಲು ಆ ಗೀಟು ಹಾಕಿದ ಅಮ್ಮನಿಗೊಂದು ದೊಡ್ಡ ನಮಸ್ಕಾರ. ನಿಮ್ಮ ಆಲ್ಫಾ ಹೇಳದ್ದನ್ನು ಅವರ ಪೆನ್ನು ಹೇಳಿದೆ.

ನಿಮ್ಮ ಹಾಳೆ ಓದುವಾಗ ಗಂಡಸಿಗೆ ತನ್ನ ರೂಪ ಮೊದಲೇ ಸಿಗುತ್ತೆ, ಸಲೀಸಾಗಿ ಮುಂದೆ ಹೋಗುತ್ತಾನೆ. ಹೆಂಗಸು ಪ್ರತಿ ಸಲ ಒಂದು ಗೀಟು ದಾಟಿ ತನ್ನ ಬಾಲ, ಅಂದರೆ ಆ 'ಳು', 'ಗಾರ್ತಿ', ಹುಡುಕಿಕೊಳ್ಳಬೇಕು. ಇಬ್ಬರಿಗೂ ಒಂದೇ ಹಾಳೆ ಕೊಟ್ಟೆ ಅಂದುಕೊಂಡಿದ್ದೀರಿ. ಕೊಟ್ಟಿಲ್ಲ. ಇಂಗ್ಲಿಷ್ ಮೂಲದಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ 'ನಾನು' ಅನ್ನೋದೂ ಇಲ್ಲದೆ ನೇರ ಕ್ರಿಯಾಪದದಿಂದಲೇ ವಾಕ್ಯ ಶುರು. ಕನ್ನಡದಲ್ಲೂ ಇದಕ್ಕೆ ಸುಲಭ ದಾರಿ ಇದೆ. 'ನಾನು' ಜೊತೆ ಬರುವ ಕ್ರಿಯಾಪದಕ್ಕೆ ಗಂಡು ಹೆಣ್ಣು ಭೇದ ಇಲ್ಲ ಅಲ್ವಾ? 'ಜಾಸ್ತಿ ಮಾತಾಡುತ್ತೇನೆ', 'ಚಿಂತೆ ಮಾಡುತ್ತೇನೆ', ಯಾರು ಹೇಳಿದರೂ ಒಂದೇ. ನಾವು 'ಮಾತುಗಾರ', 'ಸ್ವಭಾವದವನು' ಅಂತ ಜನಕ್ಕೆ ಹೆಸರಿಡಲು ಹೋದಾಗಲೇ ಈ ಬಾಲಗಳು ನುಗ್ಗೋದು. ಹೆಸರಿಡಬೇಡಿ, ಏನು ಮಾಡುತ್ತಾರೆ ಅಂತಷ್ಟೇ ಹೇಳಿ.

0.57 ವಿಷಯ. ಕಾಳಜಿಯ ಹತ್ತು ವಾಕ್ಯಗಳಲ್ಲಿ ನಾಲ್ಕು ಉಲ್ಟಾ ಇವೆ, ಅಂದರೆ ಅವನ್ನು ಒಪ್ಪಿದರೆ ಕಾಳಜಿ ಕಡಿಮೆ ಅಂತ. ಅವುಗಳ 5 ಅನ್ನು 1 ಅಂತ ತಿರುಗಿಸಿ ಎಣಿಸಬೇಕು. ಉಲ್ಟಾ ಅಂಕ ಹಾಕಿಯೇ ಇರುತ್ತೀರಿ. ಹಾಗಿದ್ದರೆ ಒಂದು ಪ್ರಶ್ನೆ: ಉತ್ತರದ ಚೌಕಗಳ ಮೇಲೆ ಕನ್ನಡದಲ್ಲಿ ಏನು ಬರೆದಿದ್ದೀರಿ? ಅದನ್ನು ನೋಡದೆ ನಾನೇನೂ ಹೇಳಲ್ಲ.

ಇನ್ನು 0.84. ನಿಜ ಹೇಳಬೇಕೆಂದರೆ ನನಗೆ ಅನುಮಾನ ಬಂದದ್ದು ಇದರ ಮೇಲೇ. ಮೂಲದಲ್ಲಿ ಸ್ಥಿರತೆಯ ವಾಕ್ಯಗಳನ್ನು ನೆನಪಿಸಿಕೊಳ್ಳಿ. ಬೇಗ ಡಿಸ್ಟರ್ಬ್ ಆಗೋದು, ಬೇಗ ಅಪ್‌ಸೆಟ್ ಆಗೋದು, ಬೇಗ ಇರಿಟೇಟ್ ಆಗೋದು, ಮೂರು ಬೇರೆ ಬೇರೆ ವಾಕ್ಯ. ಮೂಡ್ ತುಂಬ ಬದಲಾಗುತ್ತೆ ಅಂತ ಒಂದು, ಮೂಡ್ ಆಗಾಗ ಏರಿಳಿಯುತ್ತೆ ಅಂತ ಇನ್ನೊಂದು. ಇವೆಲ್ಲ ಕನ್ನಡಕ್ಕೆ ಬಂದಾಗ ಒಂದೇ ವಾಕ್ಯ ಆಗಿಬಿಡುವ ಅಪಾಯ ಜಾಸ್ತಿ. ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರೆ ಐದು ಸಲವೂ ಒಂದೇ ಉತ್ತರ ಬರುತ್ತೆ, ಆಲ್ಫಾ ಮೇಲೇರುತ್ತೆ. ಅದನ್ನು ನೋಡಿ ಖುಷಿಪಡಬೇಡಿ. ಆಲ್ಫಾ ಹೇಳೋದು ವಾಕ್ಯಗಳು ಒಟ್ಟಿಗೆ ಏರಿಳಿಯುತ್ತವೆ ಅಂತ ಅಷ್ಟೇ. ಯಾಕೆ ಅಂತ ಅದಕ್ಕೆ ಗೊತ್ತಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹೆಸರು ತಕ್ಕಡಿ ಅಂತ ಇಟ್ಟುಕೊಂಡ ತಪ್ಪಿಗೆ ತಕ್ಕಡಿಯಲ್ಲೇ ಹೇಳುತ್ತೇನೆ. ಸ್ಪ್ರಿಂಗ್ ತಕ್ಕಡಿ ಎರಡಿವೆ ಅಂದುಕೊಳ್ಳಿ. ಹೆಂಗಸರನ್ನು ಒಂದರಲ್ಲಿ, ಗಂಡಸರನ್ನು ಇನ್ನೊಂದರಲ್ಲಿ ತೂಗುತ್ತೀರಿ. ಮೊದಲು, ಎರಡೂ ತೂಕವನ್ನೇ ತೋರಿಸುತ್ತಿವೆಯಾ ನೋಡಬೇಕು. ಇದು ಕಾನ್ಫಿಗರಲ್ ಹಂತ: ಎರಡೂ ಗುಂಪಿನಲ್ಲಿ ಅದೇ ವಾಕ್ಯಗಳು ಅದೇ ಗುಣದ ಕೆಳಗೆ ಕೂರುತ್ತವೆಯಾ ಅಂತ. ಆಮೇಲೆ, ಒಂದು ಕಿಲೋ ಜಾಸ್ತಿ ಹಾಕಿದರೆ ಎರಡರಲ್ಲೂ ಮುಳ್ಳು ಅಷ್ಟೇ ದೂರ ಸರಿಯುತ್ತಾ? ಇದು ಮೆಟ್ರಿಕ್, ಅಂದರೆ ಲೋಡಿಂಗ್ (ಗುಣ ಏರಿದಾಗ ವಾಕ್ಯದ ಅಂಕ ಎಷ್ಟು ಏರುತ್ತೆ ಅನ್ನೋದು) ಸಮ. ಕೊನೆಗೆ, ತಟ್ಟೆ ಖಾಲಿ ಇದ್ದಾಗ ಎರಡರ ಮುಳ್ಳೂ ಸೊನ್ನೆಯಲ್ಲಿದೆಯಾ? ಇದು ಸ್ಕೇಲರ್, ಅಂದರೆ ಇಂಟರ್‌ಸೆಪ್ಟ್ (ವಾಕ್ಯದ ಅಂಕ ಶುರುವಾಗುವ ಜಾಗ) ಸಮ. ಒಂದರ ಮುಳ್ಳು ಖಾಲಿ ಇದ್ದಾಗಲೇ ಎರಡು ಕಿಲೋ ತೋರಿಸುತ್ತಿದ್ದರೆ, ನೀವು ಕಂಡ ಸರಾಸರಿ ವ್ಯತ್ಯಾಸ ಜನರದ್ದಲ್ಲ, ಮುಳ್ಳಿನದ್ದು. ಸರಾಸರಿ ಹೋಲಿಸಬೇಕಾದರೆ ಈ ಮೂರನೇ ಹಂತ ದಾಟಲೇಬೇಕು. ನಿಮ್ಮ ಗೈಡ್ ಹೇಳಿದ ಟಿ-ಟೆಸ್ಟ್ ಇದನ್ನೆಲ್ಲ ದಾಟಿಯೇ ಆಗಿದೆ ಅಂತ ಸುಮ್ನೆ ನಂಬಿಕೊಂಡು ಹೊರಡುತ್ತೆ.

ಲೆಕ್ಕಕ್ಕೆ ಆರ್ ಅನ್ನೋ ಅಂಕಿಅಂಶದ ತಂತ್ರಾಂಶದಲ್ಲಿ ಲವಾನ್ ಪ್ಯಾಕೇಜ್ ಸಾಕು, ಉಚಿತ. ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತೆ ಅಂತ ಹೇಳುವ ಎರಡು ಅಂಕಿ ನೋಡಿ: ಒಂದೊಂದು ಹಂತ ಬಿಗಿ ಮಾಡಿದಾಗ ಸಿಎಫ್‌ಐ 0.01ಕ್ಕಿಂತ ಜಾಸ್ತಿ ಬೀಳಬಾರದು, ಆರ್‌ಎಂಎಸ್‌ಇಎ 0.015ಕ್ಕಿಂತ ಜಾಸ್ತಿ ಏರಬಾರದು. ಚೆನ್ 2007ರಲ್ಲಿ ಕೊಟ್ಟ ಈ ಅಳತೆಯನ್ನೇ ಬಹಳ ಜನ ಬಳಸೋದು. ಕಣ್ಣು ಮುಚ್ಚಿ ನಂಬಬೇಡಿ, ಬೇಲಿ ಎಲ್ಲಿದೆ ಅಂತ ಗೊತ್ತಿರಲಿ ಅಷ್ಟೇ. 50 ವಾಕ್ಯವನ್ನೂ ಒಂದೇ ಮಾಡೆಲ್‌ಗೆ ತುರುಕಬೇಡಿ, ಕೂರಲ್ಲ. 1996ರಲ್ಲೇ ಮೆಕ್ರೇ ಮತ್ತು ಜೊತೆಗಾರರು ತಮ್ಮದೇ ದೊಡ್ಡ ಪ್ರಶ್ನಾವಳಿಯಲ್ಲಿ ಈ ತೊಂದರೆ ತೋರಿಸಿದ್ದಾರೆ. ಒಂದೊಂದು ಗುಣ ಬೇರೆ ಬೇರೆ ತಗೊಳ್ಳಿ. ಐದನ್ನೂ ಒಟ್ಟಿಗೆ ನೋಡಲೇಬೇಕೆಂದರೆ ಹೆಂಗಸರ ಫ್ಯಾಕ್ಟರ್, ಗಂಡಸರ ಫ್ಯಾಕ್ಟರ್ (ಒಟ್ಟಿಗೆ ಏರಿಳಿಯುವ ವಾಕ್ಯಗಳ ಹಿಂದಿನ ಗುಣ) ಬೇರೆ ಬೇರೆ ತೆಗೆದು, ಎರಡೂ ಎಷ್ಟು ಹೋಲುತ್ತವೆ ಅಂತ ಹೇಳುವ ಟಕರ್ ಗುಣಾಂಕ ಹಾಕಿ. 0.95 ದಾಟಿದರೆ ಎರಡೂ ಒಂದೇ ಅನ್ನಬಹುದು, 0.85ರಿಂದ ಮೇಲೆ ಇದ್ದರೆ ಪರವಾಗಿಲ್ಲ ಅನ್ನಬಹುದು.

ಒಂದು ಹಂತ ಮುರಿದರೆ ಎಲ್ಲ ಮುಗಿಯಿತು ಅಂತಲ್ಲ. ಯಾವ ವಾಕ್ಯ ಮುರಿಯಿತು ಅಂತ ಹುಡುಕಿ. ಖಿನ್ನತೆ ಅಳೆಯುವ ಸಿಇಎಸ್-ಡಿ ಅಂತ 20 ವಾಕ್ಯಗಳ ಪಟ್ಟಿ ಇದೆ, 1977ರದ್ದು. ಅದರಲ್ಲಿ ಅಳುವಿನ ಬಗ್ಗೆ ಒಂದು ವಾಕ್ಯ. ಅಷ್ಟೇ ಖಿನ್ನತೆ ಇರುವ ಗಂಡಸು, ಹೆಂಗಸನ್ನು ತಗೊಂಡರೂ ಹೆಂಗಸರು ಆ ವಾಕ್ಯಕ್ಕೆ ಹೌದು ಅನ್ನೋದು ಜಾಸ್ತಿ. ಅದು ಖಿನ್ನತೆಯ ವ್ಯತ್ಯಾಸ ಅಲ್ಲ, ಆ ವಾಕ್ಯದ ವ್ಯತ್ಯಾಸ. ನಿಮ್ಮ ಹಾಳೆಯಲ್ಲೂ ಅಂಥದ್ದು ಇದ್ದೇ ಇರುತ್ತೆ. ಉಳಿದ ಒಂಬತ್ತು ವಾಕ್ಯಗಳಲ್ಲಿ ಸಮಾನ ಅಂಕ ಬಂದ ಹೆಂಗಸರು ಗಂಡಸರು ಹತ್ತನೆಯದರಲ್ಲಿ ಬೇರೆಯಾಗುತ್ತಾರಾ? ಒಂದೊಂದಕ್ಕೂ ಇದೇ ಪ್ರಶ್ನೆ ಕೇಳುತ್ತಾ ಹೋಗಿ.

---

ಹಾಳೆಗಂಟು:

ಸರ್, ತುಂಬಾ ಧನ್ಯವಾದ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡಿದ್ದೇನೆ.

ನಿಮ್ಮ ಪ್ರಶ್ನೆಗೆ ಉತ್ತರ: ಚೌಕಗಳ ಮೇಲೆ ಎಡದಿಂದ ಬಲಕ್ಕೆ 'ಖಂಡಿತ ಇಲ್ಲ, ಇಲ್ಲ, ಹೇಳಲಾಗದು, ಹೌದು, ಖಂಡಿತ ಹೌದು' ಅಂತ ಇದೆ. ಉಲ್ಟಾ ಅಂಕ ಹಾಕಿದ್ದೇನೆ, ಎರಡು ಸಲ ನೋಡಿದೆ.

ಸ್ಥಿರತೆಯ ವಾಕ್ಯಗಳ ಬಗ್ಗೆ ನೀವು ಹೇಳಿದ್ದು ಓದಿ ನನ್ನ ಹಾಳೆ ತೆಗೆದು ನೋಡಿದೆ. ಹತ್ತರಲ್ಲಿ ನಾಲ್ಕು ಕಡೆ 'ಬೇಜಾರು' ಇದೆ. ನಾನೇ ಬರೆದದ್ದು. ನಾಚಿಕೆ ಆಯ್ತು.

---

ಎರಡು ನಾಲಿಗೆ ಬರೆದದ್ದು:

ನಾನು ಅಂಕಿಅಂಶದವಳಲ್ಲ, ಅನುವಾದ ಮಾಡಿ ಹೊಟ್ಟೆ ಹೊರೆಯುವವಳು. ಆದರೆ ಆ 0.57 ಯಾಕೆ ಬಂತು ಅಂತ ನನಗೆ ಗೊತ್ತಾಯ್ತು ಅನಿಸುತ್ತೆ.

ನಿಮ್ಮ ವಾಕ್ಯ ಬಹುಶಃ ಹೀಗಿದೆ: 'ಬೇರೆಯವರ ಕಷ್ಟದಲ್ಲಿ ನನಗೆ ಆಸಕ್ತಿ ಇಲ್ಲ.' ಈಗ ಒಬ್ಬ ಒಳ್ಳೆ ಮನುಷ್ಯ ಓದುತ್ತಾನೆ. ಅವನಿಗೆ ಬೇರೆಯವರ ಕಷ್ಟ ಅಂದರೆ ಕರುಳು ಚುರುಕ್ ಅನ್ನುತ್ತೆ. ಅವನು 'ಖಂಡಿತ ಇಲ್ಲ' ಗುರುತು ಮಾಡುತ್ತಾನೆ, 'ಈ ಮಾತು ನನಗೆ ಒಪ್ಪಲ್ಲ' ಅನ್ನೋ ಅರ್ಥದಲ್ಲಿ. ಪಕ್ಕದಲ್ಲಿ ಯಾರ ಗೊಡವೆಯೂ ಬೇಡದ ಇನ್ನೊಬ್ಬ ಕೂತಿದ್ದಾನೆ. ಅವನೂ 'ಖಂಡಿತ ಇಲ್ಲ' ಅಂತಾನೆ. ಅವನ ಲೆಕ್ಕದಲ್ಲಿ ಅದರ ಅರ್ಥ 'ಆಸಕ್ತಿ ಖಂಡಿತ ಇಲ್ಲ' ಅಂತ. ಎರಡೂ ಸರಿಯಾದ ಕನ್ನಡವೇ. 'ಇಲ್ಲ'ದಲ್ಲಿ ಮುಗಿಯುವ ವಾಕ್ಯಕ್ಕೆ 'ಇಲ್ಲ' ಅಂದರೆ ಒಪ್ಪಿದ ಹಾಗೂ ಆಗುತ್ತೆ, ಅಲ್ಲಗಳೆದ ಹಾಗೂ ಆಗುತ್ತೆ. ದಿನಾ ಮಾತಾಡುವಾಗ ದನಿಯಲ್ಲಿ ಗೊತ್ತಾಗುತ್ತೆ. ಹಾಳೆಗೆ ದನಿ ಎಲ್ಲಿದೆ?

ಚೌಕದ ಮೇಲೆ 'ಪೂರ್ತಿ ತಪ್ಪು' ಇಂದ 'ಪೂರ್ತಿ ನಿಜ' ಅಂತ ಇಡಿ. 'ಈ ಮಾತು ನನ್ನ ಮಟ್ಟಿಗೆ' ಅಂತ ಮೇಲೆ ದೊಡ್ಡದಾಗಿ ಬರೆಯಿರಿ. ಮೂಲದ ಇಂಗ್ಲಿಷಿನಲ್ಲೂ ಹೌದು-ಇಲ್ಲ ಇಲ್ಲ, ವಾಕ್ಯ ನನಗೆ ಎಷ್ಟು ಸರಿ ಹೊಂದುತ್ತೆ ಅಂತಲೇ ಕೇಳೋದು. ನೀವು 50 ವಾಕ್ಯಕ್ಕೂ ವಾಪಸ್ ಅನುವಾದ ಮಾಡಿಸಿದಿರಿ. ಆ ಐದು ಚೌಕಗಳಿಗೆ ಮಾಡಿಸಲಿಲ್ಲ ಅನಿಸುತ್ತೆ.

ವಾಪಸ್ ಅನುವಾದದ ಮೇಲೆ ನನಗೆ ಅಷ್ಟು ಭಕ್ತಿ ಇಲ್ಲ. ನಾನೇ ಎಷ್ಟೋ ಸಲ ಆ ಕೆಲಸ ಮಾಡಿದ್ದೇನೆ. 'ಆಗಾಗ ಬೇಜಾರಾಗುತ್ತೆ' ಅಂತ ಬಂದರೆ ನಾನು ಇಂಗ್ಲಿಷಿನಲ್ಲಿ 'ಸ್ಯಾಡ್' ಅಂತ ಬರೆದುಬಿಡುತ್ತೇನೆ. ವ್ಯಕ್ತಿತ್ವದ ಪಟ್ಟಿ ಅಂತ ಗೊತ್ತಿರುತ್ತೆ, ಮೂಲದಲ್ಲಿ ಏನಿರಬಹುದು ಅಂತ ಮೂಗಿಗೆ ವಾಸನೆ ಬಡಿಯುತ್ತೆ. ಎರಡು ಇಂಗ್ಲಿಷೂ ತಾಳೆಯಾಗುತ್ತೆ, ಎಲ್ಲರೂ ಕೈ ಕುಲುಕುತ್ತಾರೆ. ಆದರೆ ಓದುವ ಜನರಿಗೆ ಬೇಜಾರು ಅಂದರೆ ದುಃಖ, ಬೋರು, ಮುನಿಸು, ಸುಸ್ತು, ಎಲ್ಲವೂ. 'ಅವನ ಮೇಲೆ ಬೇಜಾರು', 'ಕೂತು ಕೂತು ಬೇಜಾರು', 'ಅಮ್ಮನ ನೆನಪಾಗಿ ಬೇಜಾರು'. ಯಾವ ಬೇಜಾರನ್ನು ಅಳೆದಿರಿ?

ಒಳ್ಳೆ ವಾಪಸ್ ಅನುವಾದಕ್ಕಿಂತ ಹತ್ತು ಹನ್ನೆರಡು ಜನರನ್ನು ಎದುರು ಕೂರಿಸಿಕೊಂಡು ಜೋರಾಗಿ ಓದಿಸಿ. "ಇದನ್ನು ನಿಮ್ಮ ಮಾತಲ್ಲಿ ಹೇಳಿ" ಅನ್ನಿ. "ಯಾವ ಸಂದರ್ಭ ನೆನಪಾಯ್ತು?" ಅಂತ ಕೇಳಿ. ಅಷ್ಟೇ ಸಾಕು, ಎಲ್ಲ ಹೊರಬೀಳುತ್ತೆ. ಗೀಟು ಹಾಕಿದವರ ವಿಷಯದಲ್ಲಿ ನೀವು ಅರ್ಧ ಮಾಡಿದ್ದೀರಿ, ನೋಡಿದಿರಿ. ಕೇಳಲಿಲ್ಲ.

---

ಓದುಗ ಅಷ್ಟೇ ಬರೆದದ್ದು:

ಕ್ಷಮಿಸಿ, ಆದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಹೆಂಗಸರಲ್ಲಿ ಚಿಂತೆ, ಭಾವನೆಯ ಏರಿಳಿತ ಸ್ವಲ್ಪ ಜಾಸ್ತಿ ಅನ್ನೋದು ಹೊಸದೇನಲ್ಲ. 2001ರಲ್ಲಿ ಕೋಸ್ಟಾ, ಟೆರಾಚಿಯಾನೊ, ಮೆಕ್ರೇ 26 ಸಂಸ್ಕೃತಿಗಳಲ್ಲಿ ನೋಡಿದರು. 2008ರಲ್ಲಿ ಸ್ಮಿಟ್ ಮತ್ತು ಜೊತೆಗಾರರು 55 ದೇಶಗಳಲ್ಲಿ ನೋಡಿದರು. ಇಬ್ಬರಿಗೂ ಅದೇ ಸಿಕ್ಕಿತು. ನಿಮಗೂ ಅದೇ ಬಂದಿದೆ. ಅಷ್ಟು ಭಾಷೆಗಳ ಅನುವಾದ ಎಲ್ಲವೂ ಒಂದೇ ಕಡೆಗೆ ತಪ್ಪುತ್ತವಾ? ಇನ್ನೊಂದು, ಗಂಡು ಹೆಣ್ಣಿನ ವ್ಯತ್ಯಾಸ ತೋರಿಸುವ ವಾಕ್ಯಗಳನ್ನೆಲ್ಲ ಕಿತ್ತು ಎಸೆದರೆ ಕೊನೆಗೆ ವ್ಯತ್ಯಾಸವೇ ಇಲ್ಲ ಅಂತ ಬರುತ್ತೆ. ಇದು ಮೋಸ ಅಲ್ವಾ? ಮೇಲಾಗಿ 179 ಗಂಡಸರನ್ನು ಇಟ್ಟುಕೊಂಡು ಮೂರು ಹಂತದ ಮಾಡೆಲ್ ಅಂದರೆ ನನಗಂತೂ ನಂಬಿಕೆ ಇಲ್ಲ.

---

ತಕ್ಕಡಿ:

ಓದುಗರೇ, ಮೂರೂ ಒಳ್ಳೆ ಪ್ರಶ್ನೆ.

ಕೊನೆಯದರಿಂದ ಶುರು ಮಾಡುತ್ತೇನೆ. 179 ಕಡಿಮೆಯೇ. ಹತ್ತು ವಾಕ್ಯದ ಒಂದು ಗುಣಕ್ಕೆ ಹೇಗೋ ನಡೆಯುತ್ತೆ, 50ಕ್ಕೆ ನಡೆಯಲ್ಲ. ಇದರಲ್ಲಿ ಜಗಳ ಇಲ್ಲ.

ವಾಕ್ಯ ಕಿತ್ತು ಎಸೆಯೋದು. ವ್ಯತ್ಯಾಸ ತೋರಿಸಿತು ಅನ್ನೋ ಕಾರಣಕ್ಕೇ ಯಾವ ವಾಕ್ಯವನ್ನೂ ಕೀಳಬಾರದು. ಸಮಾನ ಗುಣ ಇರುವವರ ನಡುವೆಯೂ ವ್ಯತ್ಯಾಸ ತೋರಿಸಿದರೆ ಮಾತ್ರ ಅನುಮಾನ. ಆಗಲೂ ಕೀಳಬೇಕೆಂದಿಲ್ಲ. ಆ ಒಂದೆರಡು ವಾಕ್ಯದ ಇಂಟರ್‌ಸೆಪ್ಟನ್ನು ಎರಡು ಗುಂಪಿಗೂ ಬೇರೆ ಬೇರೆ ಬಿಟ್ಟು, ಉಳಿದವನ್ನು ಕಟ್ಟಿಹಾಕಿ ಸರಾಸರಿ ನೋಡಬಹುದು. ಬರ್ನ್, ಶೇವಲ್ಸನ್, ಮುಥೇನ್ 1989ರಲ್ಲೇ ತೋರಿಸಿದ ದಾರಿ. ಹಾಗೆ ಮಾಡಿಯೂ ವ್ಯತ್ಯಾಸ ಉಳಿದರೆ ಧೈರ್ಯವಾಗಿ ಬರೆಯಿರಿ. ನಾನು ವ್ಯತ್ಯಾಸದ ವಿರೋಧಿ ಅಲ್ಲ.

55 ದೇಶಗಳ ವಿಷಯ ನೀವು ಹೇಳಿದ್ದು ಸರಿ. ಆದರೆ ಅವೇ ಎರಡು ಲೇಖನಗಳನ್ನು ಇನ್ನೂ ಸ್ವಲ್ಪ ಓದಿ. ಹೆಂಗಸರು ಗಂಡಸರ ನಡುವಿನ ಅಂತರ ಜಾಸ್ತಿ ಕಂಡದ್ದು ಶ್ರೀಮಂತ, ಸಮಾನತೆ ಜಾಸ್ತಿ ಇರುವ ದೇಶಗಳಲ್ಲಿ. ಬಹಳ ಜನ ಹಾಗೆ ಎಣಿಸಿರಲಿಲ್ಲ. ಇದಕ್ಕೆ ಹಲವು ವಿವರಣೆ ಇವೆ. ನನಗೆ ಹಿಡಿಸಿದ ಒಂದು: ನಾವು ನಮ್ಮ ಬಗ್ಗೆ ಅಂಕ ಕೊಡುವಾಗ ಯಾರ ಜೊತೆ ಹೋಲಿಸಿಕೊಳ್ಳುತ್ತೇವೆ? ಹೆಂಗಸರು ಹೆಂಗಸರ ಜೊತೆಗೇ ಹೋಲಿಸಿಕೊಂಡರೆ 'ನಾನು ಸಾಧಾರಣ' ಅಂತ 3 ಹಾಕುತ್ತಾರೆ, ಅಂತರ ಅಲ್ಲೇ ಅಳಿಸಿಹೋಗುತ್ತೆ. ಎಲ್ಲರ ಜೊತೆ ಹೋಲಿಸಿಕೊಂಡರೆ ಅಂತರ ಕಾಣುತ್ತೆ. ಹೋಲಿಕೆಯ ಗುಂಪು ಬದಲಾದರೆ ಅಂಕ ಹೇಗೆ ಕೆಡುತ್ತೆ ಅಂತ ಹೈನ್ ಮತ್ತು ಜೊತೆಗಾರರು 2002ರಲ್ಲಿ ಸಂಸ್ಕೃತಿಗಳ ಬಗ್ಗೆ ಬರೆದಿದ್ದಾರೆ. ಅದೇ ಮಾತು ಇಲ್ಲಿಗೂ ಹೊಂದುತ್ತೆ.

ಎಲ್ಲ ಕಡೆ ಒಂದೇ ಬಂತು ಅನ್ನೋದೂ ಯಾವಾಗಲೂ ಪುರಾವೆ ಅಲ್ಲ. ಮನಃಶಾಸ್ತ್ರಜ್ಞ ಐಸೆಂಕ್ ಅವರ ವ್ಯಕ್ತಿತ್ವದ ಪ್ರಶ್ನಾವಳಿ ಇಪಿಕ್ಯೂ ನೆನಪಿದೆಯಾ? 1975ರದ್ದು, 90 ಪ್ರಶ್ನೆ, ಹೌದು ಅಥವಾ ಇಲ್ಲ. ದೇಶ ದೇಶಗಳಲ್ಲಿ ಅನುವಾದ ಆಯ್ತು. ಹೆಂಗಸರು ಗಂಡಸರು ಬೇರೆ ಬೇರೆಯಾಗಿ ಬ್ರಿಟನ್ನಿನ ಜೊತೆ ಹೋಲಿಸಿದರು, ಎಲ್ಲೆಲ್ಲೂ ಅದೇ ಫ್ಯಾಕ್ಟರ್ ಅಂದರು. ಆಗ ಬಳಸಿದ ಹೋಲಿಕೆಯ ಲೆಕ್ಕದ ಮೇಲೆ 1986ರಲ್ಲಿ ಟೀಕೆ ಬಂತು. ಸಂಬಂಧವೇ ಇಲ್ಲದ ಅಂಕಿ ಹಾಕಿದರೂ ಇದು ದೊಡ್ಡ ಹೋಲಿಕೆ ತೋರಿಸುತ್ತೆ ಅಂತ. ಆಮೇಲೆ 1998ರಲ್ಲಿ 34 ದೇಶಗಳ ಡೇಟಾವನ್ನು ತಿದ್ದಿದ ಲೆಕ್ಕದಲ್ಲಿ ಮತ್ತೆ ಹಾಕಬೇಕಾಯ್ತು. ಫಲಿತಾಂಶ ಬಹುಮಟ್ಟಿಗೆ ಉಳಿಯಿತು, ಒಪ್ಪುತ್ತೇನೆ. ಆದರೆ ನಡುವಿನ ಅಷ್ಟು ವರ್ಷ ಜನ ನಂಬಿದ್ದು ಆ ಹಳೇ ಅಂಕಿಯನ್ನೇ. ಅದರ ಒಂದು ಪ್ರಶ್ನೆ, ಸಾಲ ಇದ್ದರೆ ನಿಮಗೆ ಚಿಂತೆಯಾಗುತ್ತಾ ಅಂತ. ಚಿಂತೆ ಇಲ್ಲ ಅಂದರೆ ಮನಸ್ಸು ಗಟ್ಟಿ, ಒರಟು ಅಂತ ಅಂಕ. ಸಾಲ ಅನ್ನೋ ಪದವನ್ನು ಎಷ್ಟು ಚೆನ್ನಾಗಿ ಅನುವಾದ ಮಾಡಿದರೂ, ಸಾಲ ಕೊಟ್ಟವನು ಯಾರು, ತೀರಿಸದಿದ್ದರೆ ಏನಾಗುತ್ತೆ ಅನ್ನೋದು ಅನುವಾದ ಆಗಲ್ಲವಲ್ಲ.

ಮೇಡಂ, ಇಂಗ್ಲಿಷ್ ಡೇಟಾ ಅಧ್ಯಾಯದ ಬಗ್ಗೆ. ಬೇಡ. ಭಾಷೆ ಬೇರೆ, ಜನ ಬೇರೆ, ಕಾಗದ ಬೇರೆ, ಅಲ್ಲಿ ಕಂಪ್ಯೂಟರ್ ಬೇರೆ. ವ್ಯತ್ಯಾಸ ಬಂದರೆ ಯಾವುದರ ಮೇಲೆ ಹೊರಿಸುತ್ತೀರಿ? ಐದು ಗುಣ ಎಲ್ಲ ಕಡೆ ತಾನಾಗೇ ಬರುತ್ತೆ ಅಂತಲೂ ಇಲ್ಲ. ಬೊಲಿವಿಯಾದ ಚಿಮಾನೆ ಜನರ ಭಾಷೆಗೆ ಇಂಥದ್ದೇ ಪಟ್ಟಿ ತಂದು 632 ಜನರನ್ನು ಕೇಳಿದಾಗ ಐದು ಕಾಣಲಿಲ್ಲ, ಎರಡು ಕಂಡವು. ಗರ್ವೆನ್ ಮತ್ತು ಜೊತೆಗಾರರು 2013ರಲ್ಲಿ ಬರೆದದ್ದು. ನಿಮಗೆ ಭಾಷೆಯ ಪಾಲು ಎಷ್ಟು ಅಂತ ತಿಳಿಯಬೇಕಾದರೆ ಎರಡೂ ಭಾಷೆ ಸಲೀಸಾಗಿ ಬರುವವರಿಗೆ ಎರಡೂ ಹಾಳೆ ಕೊಡಿ. ಅರ್ಧ ಜನಕ್ಕೆ ಕನ್ನಡ ಮೊದಲು, ಅರ್ಧಕ್ಕೆ ಇಂಗ್ಲಿಷ್ ಮೊದಲು, ನಡುವೆ ಎರಡು ವಾರ. ಅದೇ ಮನುಷ್ಯ, ಅದೇ ಗುಣ. ಅಂಕ ಬದಲಾದರೆ ಬದಲಾಯಿಸಿದ್ದು ನಿಮ್ಮ ವಾಕ್ಯ.

---

ಹಾಳೆಗಂಟು (ಐದು ವಾರದ ನಂತರ):

ಸುಮ್ಮನಿದ್ದದ್ದಕ್ಕೆ ಕ್ಷಮಿಸಿ. ಕೆಲಸ ನಡೀತಿತ್ತು.

12 ಜನರನ್ನು ಕೂರಿಸಿ ಓದಿಸಿದೆ, ಆರು ಹೆಂಗಸರು, ಆರು ಗಂಡಸರು. 'ಎರಡು ನಾಲಿಗೆ' ಅವರೇ, ನೀವು ಹೇಳಿದ್ದು ನೂರಕ್ಕೆ ನೂರು. 'ಆಸಕ್ತಿ ಇಲ್ಲ' ವಾಕ್ಯಕ್ಕೆ 'ಖಂಡಿತ ಇಲ್ಲ' ಹಾಕಿದ ಏಳು ಜನರಲ್ಲಿ ನಾಲ್ವರು ಒಂದು ಅರ್ಥದಲ್ಲಿ, ಮೂವರು ಇನ್ನೊಂದರಲ್ಲಿ. ಒಬ್ಬರಂತೂ ಒಂದೇ ಹಾಳೆಯಲ್ಲಿ ಎರಡೂ ಅರ್ಥ ಬಳಸಿದ್ದರು. ನಗುತ್ತಲೇ ಒಪ್ಪಿಕೊಂಡರು.

ಒಂದೊಂದೇ ವಾಕ್ಯ ಪರೀಕ್ಷೆ ಮಾಡಿದಾಗ ಎಲ್ಲಕ್ಕಿಂತ ಜೋರಾಗಿ ಎದ್ದು ನಿಂತದ್ದು ನಾನು ಎಣಿಸಿರದ ವಾಕ್ಯ. ಮೂಲದಲ್ಲಿ 'ಅಪರಿಚಿತರ ನಡುವೆ ಸುಮ್ಮನಿರುತ್ತೇನೆ' ಅಂತಷ್ಟೇ ಇದೆ. ಕೇಳೋಕೆ ಚೆನ್ನಾಗಿರಲಿ ಅಂತ ನಾನು 'ಅಪರಿಚಿತರ ಮುಂದೆ ನನಗೆ ನಾಚಿಕೆ' ಅಂತ ಮಾಡಿದ್ದೆ. ಬೆರೆಯುವ ಗುಣ ಸಮಾನ ಇದ್ದರೂ ಹೆಂಗಸರು ಇದಕ್ಕೆ ಹೌದು, ಗಂಡಸರು ಇಲ್ಲ. ಓದಿಸುವಾಗ ಕಾರಣ ಗೊತ್ತಾಯ್ತು. ಒಬ್ಬ ಹೆಂಗಸು, "ಹೌದು, ಸ್ವಲ್ಪ ಸಂಕೋಚ" ಅಂದರು. ಪಕ್ಕದ ಗಂಡಸು ಹಾಳೆ ಕೆಳಗಿಟ್ಟು, "ನಾಚಿಕೆ ಯಾಕ್ ಪಡಲಿ? ನಾನೇನ್ ತಪ್ಪು ಮಾಡಿದೀನಾ?" ಅಂತ ಕೇಳಿದರು. ಒಬ್ಬರು ಓದಿದ್ದು ಮುಜುಗರ, ಇನ್ನೊಬ್ಬರು ಓದಿದ್ದು ಅವಮಾನ. ವಾಪಸ್ ಅನುವಾದದಲ್ಲಿ 'ಶೈ' ಅಂತ ಬಂದು ದಾಟಿಹೋಗಿತ್ತು. ಈಗ 'ಸುಮ್ಮನಿರುತ್ತೇನೆ' ಅಂತಲೇ ಇಟ್ಟಿದ್ದೇನೆ.

ಸ್ಥಿರತೆಯಲ್ಲಿ ಮೂರನೇ ಹಂತ ಮುರಿಯಿತು. ಎರಡು 'ಬೇಜಾರು' ವಾಕ್ಯಗಳ ಇಂಟರ್‌ಸೆಪ್ಟನ್ನು ಎರಡು ಗುಂಪಿಗೂ ಬೇರೆ ಬೇರೆ ಬಿಟ್ಟ ಮೇಲೆ ನಿಂತಿತು. ಹೆಂಗಸರ ಗಂಡಸರ ಅಂತರ ಮೊದಲಿಗಿಂತ ಕಡಿಮೆಯಾಗಿ ಉಳಿಯಿತು. ಓದುಗರೇ, ಪೂರ್ತಿ ಹೋಗಲಿಲ್ಲ, ನಿಮ್ಮ ಮಾತೂ ಉಳಿಯಿತು. ಹಳೇ 430 ಹಾಳೆಯ ಕಾಳಜಿಯ ಅಂಕವನ್ನು ಯಾವುದಕ್ಕೂ ಬಳಸುತ್ತಿಲ್ಲ. ಹೊಸ ಚೌಕ, 'ವನು/ಳು' ಇಲ್ಲದ ವಾಕ್ಯ, 'ಪಾರ್ಟಿ' ಬದಲು 'ಜನ ಸೇರಿದ ಕಡೆ'. ಮತ್ತೆ ಹಂಚಬೇಕು. ಇಂಗ್ಲಿಷ್ ಅಧ್ಯಾಯ ಕೈಬಿಟ್ಟೆ. ಗೈಡ್ ಅರ್ಧ ನಿಮಿಷ ಸುಮ್ಮನಿದ್ದು, "ಅಂದ್ರೆ ಇನ್ನೂ ಆರು ತಿಂಗಳಾ?" ಅಂದರು. ಹೌದು ಅಂದೆ. ಖಂಡಿತ ಹೌದು.

ಒಂದೇ ವಾಕ್ಯ ಇನ್ನೂ ಕೈಗೆ ಸಿಗುತ್ತಿಲ್ಲ, 'ಸೆಲ್ಡಮ್ ಫೀಲ್ ಬ್ಲೂ'. 'ನಾನು ಅಪರೂಪಕ್ಕೆ ಮಂಕಾಗುತ್ತೇನೆ' ಅಂತ ಇಟ್ಟೆ. 12ರಲ್ಲಿ ಐದು ಜನ 'ಅಪರೂಪಕ್ಕೆ' ಅನ್ನೋದನ್ನು ನುಂಗಿ ಓದಿದರು, ಬರೀ ಮಂಕಾಗುತ್ತೇನಾ ಅಂತ ಯೋಚನೆ ಮಾಡಿ ಉತ್ತರ ಕೊಟ್ಟರು. ಯಾರಿಗಾದರೂ ಹೊಳೆದರೆ ಹಾಕಿ.

---

ಎರಡು ನಾಲಿಗೆ:

ನಮ್ಮ ವಾಕ್ಯದಲ್ಲಿ ಭಾರ ಬೀಳೋದು ಬಾಲದ ಮೇಲೆ. ನಡುವೆ ಇಟ್ಟದ್ದನ್ನು ಕಣ್ಣು ಹಾರಿಸಿಬಿಡುತ್ತೆ. 'ಮನಸ್ಸು ಭಾರ ಆಗೋದು ನನಗೆ ಕಡಿಮೆ.' ಇದನ್ನು ಯಾರಿಗಾದರೂ ಜೋರಾಗಿ ಓದಿಸಿ ನೋಡಿ. ಆಮೇಲೆ ಇಲ್ಲಿ ಬಂದು ಹೇಳಿ.